ಮೈಕಿಗೊಂದು ಗಂಧದ ಬೊಟ್ಟು

ಸದ್ದು ಹೆಚ್ಚಾದ ಕಡೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಸದ್ದು ಅಡಗಿಸಲು ಹೊರಟ ಕಡೆಯೂ ಆಗುತ್ತವೆಂದು ನಾನು ಕಂಡದ್ದು ಮೈಸೂರಿನ ಒಂದು ವಿಮಾನ ತರಬೇತಿ ಶಾಲೆಯಲ್ಲಿ. ಅಲ್ಲಿನ ಸ್ಟೋರು ನನ್ನ ಉಸ್ತುವಾರಿಯಲ್ಲಿತ್ತು. ಹಣೆಯ ವಿಭೂತಿ ನೋಡಿ ಎಲ್ಲರೂ ‘ಸ್ವಾಮಿಗಳೇ’ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ನಮ್ಮೂರ ಶಾಲೆಯ ಮೇಲೆ ವಿಮಾನ ಹೋದರೆ, ಆ ಸದ್ದಿಗೆ ಮೇಷ್ಟ್ರೂ ಪಾಠ ಬಿಟ್ಟು ಅಂಗಳಕ್ಕೆ ಬರುತ್ತಿದ್ದರು. ಅದೇ ಸದ್ದನ್ನು ಅಡಗಿಸುವ ಹೆಡ್‌ಸೆಟ್ ಹಂಚುವ ಕೆಲಸ ನನ್ನ ಪಾಲಿಗೆ ಬಂದದ್ದು ಭಗವಂತನ ಆಟ.

ಹಳೆಯ ಹಸಿರು ಹೆಡ್‌ಸೆಟ್‌ಗಳಿಗೆ ಪ್ರತಿ ಆಯುಧಪೂಜೆಗೂ ನಾನೇ ಗಂಧ, ಕುಂಕುಮ ಇಡುತ್ತಿದ್ದೆ. ಸದ್ದು ಅಡಗಿಸುವ ಹೊಸವು ಬಂದ ವರ್ಷ ಹಿರಿಯ ತರಬೇತುದಾರರು, “ಇವು ಬಲು ನಾಜೂಕು ಸ್ವಾಮಿಗಳೇ. ಒಂದು ಕೆಟ್ರೂ ನಿಮ್ಮ ಪೂಜೆ ಅಲ್ಲಿಗೇ ಬಂದ್” ಎಂದುಬಿಟ್ಟರು. ಅಂದಿನಿಂದ ನನಗೆ ಅದೊಂದೇ ಚಿಂತೆ.

ನಿಂತುಹೋದ ಇಂಜಿನ್

ಜಯಲಕ್ಷ್ಮಿಪುರಂನಿಂದ ಹುಡುಗಿಯೊಬ್ಬಳು ಕಲಿಯಲು ಬರುತ್ತಿದ್ದಳು. ಹೊಸ ಹೆಡ್‌ಸೆಟ್ ಹಾಕಿಕೊಂಡ ಮೊದಲ ದಿನ, ವಿಮಾನ ಇನ್ನೂ ನೆಲದ ಮೇಲೇ ಇತ್ತು, ಪಕ್ಕದ ಸೀಟಿನಲ್ಲಿ ಆ ಹಿರಿಯ ತರಬೇತುದಾರರು. ಇಂಜಿನ್ ಚಾಲೂ ಮಾಡಿ, ಸದ್ದು ಅಡಗಿಸುವ ಗುಂಡಿ ಒತ್ತಿದಳು. ಗುಡುಗುಡು ಎಲ್ಲಾ ತಟ್ಟನೆ ಇಳಿಯಿತು.

“ಸಾರ್, ಇಂಜಿನ್ ನಿಂತ್ಬುಡ್ತು.”

“ಮುಂದೆ ಫ್ಯಾನು ತಿರುಗ್ತಿದ್ಯೇನಮ್ಮ?”

“ತಿರುಗ್ತಿದೆ ಸಾರ್.”

“ಮತ್ತೆ ಅದನ್ನ ನಿಮ್ಮ ತಾತ ಬಂದು ತಿರುಗಿಸ್ತಿದ್ದಾರಾ?”

ಅಕ್ಷರ ಅಕ್ಷರ

ವರ್ಷಗಟ್ಟಲೆ ಇಂಜಿನ್ ಸದ್ದನ್ನು ಮೀರಿಸಿ ಕೂಗಿ ಕೂಗಿ ತರಬೇತುದಾರರ ಗಂಟಲು ದೊಡ್ಡದಾಗಿತ್ತು. ಹಳೆಯ ಹೆಡ್‌ಸೆಟ್‌ನಲ್ಲಿ ಅವರ ಅರ್ಧ ಬೈಗುಳ ಇಂಜಿನ್ ಸದ್ದಿನಲ್ಲೇ ಮುಳುಗಿಹೋಗುತ್ತಿತ್ತು. ಮಕ್ಕಳು ಸುಮ್ಮನೆ ತಲೆಯಾಡಿಸುತ್ತಿದ್ದವು. ಹೊಸದರಲ್ಲಿ ಇಂಜಿನ್ ಸದ್ದು ಅಡಗಿ ಮಾತೊಂದೇ ಉಳಿಯಿತು.

ವಾರಕ್ಕೇ ಹುಡುಗಿ ಸ್ಟೋರಿನ ಕಿಟಕಿಗೆ ಬಂದಳು. “ಸ್ವಾಮಿಗಳೇ, ಹಳೇದೊಂದು ಇದ್ರೆ ಕೊಡಿ.”

“ಯಾಕಮ್ಮ, ಹೊಸದು ಕೆಟ್ಟಿದ್ಯಾ?”

“ಕೆಟ್ಟಿಲ್ಲ, ಅದೇ ತೊಂದ್ರೆ. ಬೈಗುಳ ಒತ್ತಕ್ಷರ ಸಮೇತ ಕೇಳುತ್ತೆ.”

ಗಂಧದ ಬೊಟ್ಟು

ಆಯುಧಪೂಜೆ ಬಂತು. ಹೆಡ್‌ಸೆಟ್‌ಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟೆ. ಕಿವಿ ಮುಚ್ಚುವ ಬಟ್ಟಲಿಗೆ ಹಚ್ಚಿದರೆ ಕೆಟ್ಟೀತು ಎಂದು ಹೆದರಿ, ಪಕ್ಕದಲ್ಲಿ ಪುಟ್ಟ ಉಂಡೆಯಂತೆ ಕಂಡ ಸ್ಪಂಜಿಗೆ ಗಂಧ ಇಟ್ಟೆ. ತರಬೇತುದಾರರದ್ದಕ್ಕೆ, ಹಿರಿಯರಲ್ಲವೇ ಎಂದು, ಸ್ವಲ್ಪ ಧಾರಾಳವಾಗಿಯೇ ಇಟ್ಟೆ. ಆ ಸ್ಪಂಜಿನೊಳಗೇ ಮೈಕು ಇರುವುದು ನೆನಪಿಗೇ ಬರಲಿಲ್ಲ.

ಮರುದಿನದ ಪಾಠವೂ ನೆಲದ ಮೇಲೆಯೇ. ತರಬೇತುದಾರರು ಮುಕ್ಕಾಲು ಗಂಟೆ ಬೈದರು. ಹುಡುಗಿ ನಗುನಗುತ್ತಾ ಕೂತಿದ್ದಳು. ಅನುಮಾನ ಬಂದು ಇಳಿದು, ಅವಳೊಂದಿಗೆ ಸ್ಟೋರಿಗೆ ಬಂದವರು ತಮ್ಮ ಮೈಕಿನ ಸ್ಪಂಜು ಕಿತ್ತು ಮೂಸಿ ನೋಡಿದರು. ಗಂಧ ಒಣಗಿ ಬಿಲ್ಲೆಯಾಗಿತ್ತು. ನನ್ನ ಪೂಜೆ ಮುಗಿಯಿತು ಅಂದುಕೊಂಡು ಕೈಮುಗಿದು ನಿಂತೆ.

“ಸಾರ್, ಪೂಜೆ ಮಾತ್ರ ನಿಲ್ಲಿಸ್ಬೇಡಿ” ಎಂದಳು ಹುಡುಗಿ. “ನೀವು ಕಂಬಳಿ ಹೊದ್ದು ಮಾತಾಡ್ದಂಗಿತ್ತು. ಸೇರಿದಾಗಿಂದ ನೆಮ್ಮದಿಯಾಗಿ ಕಲ್ತಿದ್ದು ಇವತ್ತೊಂದೇ ದಿನ.”

ಅವರಿಗೂ ನಗು ತಡೆಯಲಾಗಲಿಲ್ಲ. “ಪೂಜೆ ಮಾಡ್ಕೊಳ್ಳಿ ಸ್ವಾಮಿಗಳೇ. ಗಂಧ ಮಾತ್ರ ಹೆಡ್‌ಸೆಟ್ ಪೆಟ್ಟಿಗೆಗೆ ಇಡಿ.”

ಅವರು ಈಗಿಲ್ಲ. ನಾನೂ ನಿವೃತ್ತನಾಗಿ ಹಿನಕಲ್‌ನ ಮನೆಯಲ್ಲಿದ್ದೇನೆ. ಆಯುಧಪೂಜೆಗೆ ಮಾತ್ರ ಕರೆ ಬರುತ್ತದೆ. ಆ ಹುಡುಗಿಯೇ ಈಗ ಅಲ್ಲಿ ಕಲಿಸುತ್ತಾಳೆ. ಹೋದ ವರ್ಷ ಪೆಟ್ಟಿಗೆಗೆ ಗಂಧ ಹಚ್ಚುತ್ತಿದ್ದಾಗ ಅವಳ ಶಿಷ್ಯೆಯೊಬ್ಬಳು ಪಕ್ಕಕ್ಕೆ ಬಂದು ಪಿಸುಗುಟ್ಟಿದಳು:

“ಸ್ವಾಮಿಗಳೇ, ಮೇಡಂ ಮೈಕಿಗೂ ಒಂದು ಬೊಟ್ಟು ಇಟ್ಬುಡಿ.”