ಫುಟ್‌ಬಾಲ್ ಗೇಮಿಗೆ ಮಾರ್ಕ್ಸ್ ಹಾಕುವ ಕೆಲಸ

ನಾನು ಮಾಡುವ ಕೆಲಸ ಎಂಥದೋ ಏನೋ, ಅದರ ಸುತ್ತ ನಗೆಪಾಟಲು ಆಗುತ್ತಲೇ ಇರುತ್ತದೆ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತದೆ. ಮೆಲ್ಬರ್ನ್‌ನ ಒಂದು ಚಿಕ್ಕ ಕಂಪನಿಯಲ್ಲಿ ನಾನು ವಿಡಿಯೋ ಗೇಮ್ ಟೆಸ್ಟರ್. ನಮ್ಮ ಕಂಪನಿ ಮಾಡುವುದು ಫುಟ್‌ಬಾಲ್ ಗೇಮ್, ಇಲ್ಲಿಯವರ ಬಾಯಲ್ಲಿ ಸಾಕರ್. ಅದನ್ನು ಆಡಿ, ಆಟ ಕೈಗೆ ಹೇಗೆ ಹತ್ತುತ್ತದೆ, ಚಿತ್ರ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ರಿಪೋರ್ಟ್ ಕೊಡಬೇಕು. ಅಷ್ಟೇ.

ಮನೆ ಇದೇ ಊರಿನ ಪಾಯಿಂಟ್ ಕುಕ್ ಬಡಾವಣೆಯಲ್ಲಿ. ಮನೆಯಲ್ಲಿ ನಾನು, ಮಗಳು. ಗಂಡ ಸಿಡ್ನಿಯಲ್ಲಿ. ಅವರಿದ್ದ ಕಂಪನಿ ಇಲ್ಲಿನ ಆಫೀಸ್ ಮುಚ್ಚಿತು, ಹೊಸ ಕೆಲಸ ಸಿಕ್ಕಿದ್ದು ಅಲ್ಲಿ. ಇಲ್ಲಿ ಮಾರ್ಟ್‌ಗೇಜ್, ಮಗಳ ಸ್ಕೂಲು, ನನ್ನ ಕೆಲಸ. "ಆರು ತಿಂಗಳು ನೋಡೋಣ ಕಣೇ" ಅಂತ ಹೇಳಿ ಹೋದರು. ಆ ಆರು ತಿಂಗಳು ಈಗ ಎರಡನೇ ಸಲ ನಡೀತಾ ಇದೆ.

ಸಂಬಳ ಕೊಡ್ತಾರಾ?

ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಗನ ಮನೆಗೆ ಅಂತ ಮೈಸೂರಿಂದ ಬಂದಿದ್ದ ಒಬ್ಬ ಆಂಟಿ ಪಕ್ಕದಲ್ಲಿ ಕೂತಿದ್ದರು.

"ಏನಮ್ಮಾ ಕೆಲಸ ಮಾಡ್ಕೊಂಡಿದೀಯ?"

"ವಿಡಿಯೋ ಗೇಮ್ ಟೆಸ್ಟ್ ಮಾಡ್ತೀನಿ ಆಂಟಿ."

"ಅಂದ್ರೆ?"

"ಗೇಮ್ ಆಡಿ ನೋಡಿ, ಚೆನ್ನಾಗಿದೆಯೋ ಇಲ್ವೋ ಅಂತ ಹೇಳೋದು."

"ಬೆಳಗಿಂದ ಸಂಜೆ ತನಕ?"

"ಹೂಂ."

"ಅದಕ್ಕೆ ಸಂಬಳ ಬೇರೆ ಕೊಡ್ತಾರಾ?"

"ಕೊಡ್ತಾರೆ ಆಂಟಿ."

ಅವರು ಚಿತ್ರಾನ್ನದ ತಟ್ಟೆ ಕೆಳಗಿಟ್ಟರು. "ಯಜಮಾನ್ರು ಎಲ್ಲಿ, ಕಾಣ್ತಿಲ್ವಲ್ಲ?"

"ಅವರು ಸಿಡ್ನಿಲಿದಾರೆ."

ಅಲ್ಲಿ ಎಲ್ಲ ಮನೆಯವರೂ ಜೋಡಿಯಾಗಿ ಬಂದಿದ್ದರು. ಆಫೀಸ್ ಮುಚ್ಚಿದ ಕತೆ ಹೇಳೋಣ ಅಂತ ಬಾಯಿ ತೆಗೆಯುವುದರೊಳಗೆ ಆಂಟಿ ನನ್ನ ಕೈ ಮೇಲೆ ಕೈ ಇಟ್ಟರು.

"ಹೇಳ್ಬೇಡ ಬಿಡು, ಅರ್ಥ ಆಯ್ತು. ಹೆಂಡ್ತಿ ಬೆಳಗಿಂದ ಸಂಜೆ ತನಕ ಆಟ ಆಡ್ಕೊಂಡು ಕೂತಿದ್ರೆ ಅವರು ತಾನೇ ಇನ್ನೆಲ್ಲಿಗೆ ಹೋಗ್ತಾರೆ, ಪಾಪ."

ಕೆಸರು

ಹೊಸ ಗೇಮಿನಲ್ಲಿ ಮಳೆಯಲ್ಲಿ ಆಡುವ ಮ್ಯಾಚ್ ಒಂದಿದೆ. ಒಂದೊಂದು ಹನಿಯೂ ದೀಪದ ಬೆಳಕಿಗೆ ಮಿನುಗುತ್ತದೆ. ಆಫೀಸಿನವರೆಲ್ಲ ನೋಡಿ ಚಪ್ಪಾಳೆ ತಟ್ಟಿದರು. ನಾನು ಮಾತ್ರ ರಿಪೋರ್ಟಿನಲ್ಲಿ ಬರೆದೆ: "ಇಷ್ಟು ಮಳೆ ಸುರಿದರೂ ಯಾರ ಚಡ್ಡಿಯೂ ಕೊಳೆಯಾಗಿಲ್ಲ."

ನಮ್ಮ ಬಾಸ್ ಇಲ್ಲಿಯವನೇ, ಒಳ್ಳೆಯವನು. ಬಂದು ಕೇಳಿದ, "ಎಷ್ಟು ಕೊಳೆಯಾಗಬೇಕು?"

ಬಾಯಲ್ಲಿ ಹೇಗೆ ಹೇಳುವುದು? ಫೋನಿನಲ್ಲಿದ್ದ ಒಂದು ಹಳೇ ಫೋಟೋ ತೆಗೆದು ತೋರಿಸಿದೆ. ಬೆಂಗಳೂರಿನ ಹಲಸೂರಿನಲ್ಲಿ ನಮ್ಮ ಮನೆ ಹತ್ತಿರದ ಗ್ರೌಂಡು. ನಮ್ಮಣ್ಣನ ಟೀಮಿನ ಹುಡುಗರು ಮಳೆಯಲ್ಲಿ ಆಡಿ, ಹೆಗಲ ಮೇಲೆ ಕೈ ಹಾಕಿಕೊಂಡು ನಿಂತಿದ್ದಾರೆ. ಕಣ್ಣು, ಹಲ್ಲು ಬಿಟ್ಟರೆ ಮಿಕ್ಕಿದ್ದೆಲ್ಲ ಕೆಂಪು ಮಣ್ಣು. ಅದನ್ನು ನೋಡುತ್ತಾ ನೋಡುತ್ತಾ ಆ ಮಣ್ಣಿನ ವಾಸನೆ, ಗ್ರೌಂಡಿನ ಗೇಟಿನಲ್ಲಿ ಕಡಲೆಕಾಯಿ ಹುರಿಯುವ ಸದ್ದು ಎಲ್ಲ ಬಂದು, ಬಾಸ್ ಪಕ್ಕದಲ್ಲಿ ನಿಂತಿರುವುದೇ ಮರೆತುಹೋಯಿತು.

"ಇದರಲ್ಲಿ ನಿಮ್ಮಣ್ಣ ಯಾರು?" ಅಂತ ಕೇಳಿದ ಅವನು.

ದೊಡ್ಡದು ಮಾಡಿ ನೋಡಿದೆ, ತಿರುಗಿಸಿ ನೋಡಿದೆ. ಗೊತ್ತಾಗಲಿಲ್ಲ. ಅಮ್ಮನಿಗೆ ಕಳಿಸಿ, ಇದರಲ್ಲಿ ಅಣ್ಣ ಯಾರು ಅಂತ ಕೇಳಿದೆ. ಅಮ್ಮನ ವಾಯ್ಸ್ ಮೆಸೇಜ್ ಬಂತು.

"ನಂಗೂ ಅವತ್ತು ಗೊತ್ತಾಗ್ಲಿಲ್ಲ ಕಣೇ. ಮನೆಗೆ ಬಂದೋರ್ನೆಲ್ಲ ಹಿತ್ತಿಲಲ್ಲಿ ನಿಲ್ಲಿಸಿ ಸ್ನಾನ ಮಾಡ್ಸಿ, ಊಟಕ್ಕೆ ಕೂರಿಸ್ದೆ. ಮುಖ ತೊಳೆದ್ಮೇಲೆ ನೋಡ್ತೀನಿ, ಅದರಲ್ಲಿ ನಿಮ್ಮಣ್ಣನೇ ಇಲ್ಲ! ಅವನಿಗೆ ಇನ್ಯಾರೋ ತಾಯಿ ಸ್ನಾನ ಮಾಡಿಸ್ತಿದ್ಲು."

ಅಪ್ಪನ ಕೋಚಿಂಗ್

ಈಗ ನನಗೆ ಗೋಲ್ ಬಿದ್ದರೆ ಆಫೀಸಿನವರು "ಗುಡ್ ಟ್ರೈ" ಅನ್ನುತ್ತಾರೆ. ಕೇಳಿದಾಗಲೆಲ್ಲ ಅಪ್ಪನ ನೆನಪಾಗುತ್ತದೆ. ಅಪ್ಪ ಬೆಂಗಳೂರಿನ ಒಂದು ಫ್ಯಾಕ್ಟರಿ ಟೀಮಿನ ಗೋಲ್‌ಕೀಪರ್ ಆಗಿದ್ದವರು. ಹೋದ ವರ್ಷ ಬಂದು ನಮ್ಮ ಜೊತೆ ಕೆಲವು ತಿಂಗಳು ಇದ್ದರು.

ಒಂದು ದಿನ ನಾನು ವರ್ಕ್ ಫ್ರಮ್ ಹೋಮ್. ಹಾಲಿನಲ್ಲಿ ದೊಡ್ಡ ಟೀವಿಗೆ ಹಾಕಿಕೊಂಡು ಟೆಸ್ಟ್ ಮಾಡುತ್ತಿದ್ದೆ. ಅಪ್ಪ ಕಾಫಿ ಲೋಟ ಹಿಡಿದು ಹಿಂದಿನ ಸೋಫಾದಲ್ಲಿ ಬಂದು ಕೂತರು. ಸ್ವಲ್ಪ ಹೊತ್ತಿಗೆ ಶುರುವಾಯಿತು.

"ಲೋ, ಮುಂದೆ ಬಾರೋ! ಗೋಲ್ ಹಿಡ್ಕೊಂಡು ಯಾಕ್ ನಿಂತಿದೀಯ? ಕೈ ಅಗಲ ಮಾಡೋ, ಕೈ... ಹೋಯ್ತು! ಕತ್ತೆ! ಎಡಗಡೆ ನೋಡು ಅಂತ ಬಡ್ಕೊಂಡೆ!"

ಮೊದಲನೇ ಹಾಫ್ ಮುಗಿದ ಮೇಲೆ ಕೇಳಿದರು, "ಯಾವೂರಲ್ಲಿ ನಡೀತಿರೋದಮ್ಮ ಈ ಮ್ಯಾಚು?"

ನನಗೆ ಒಳಗೊಳಗೇ ಹೆಮ್ಮೆ. ನಿಜವಾದ ಗೋಲ್‌ಕೀಪರೇ ನಂಬಿಬಿಡುವಂಥ ಗ್ರಾಫಿಕ್ಸ್! "ಅಪ್ಪಾ, ಇದು ಮ್ಯಾಚಲ್ಲ, ಗೇಮು. ಇವರನ್ನೆಲ್ಲ ನಾನೇ ಆಡಿಸ್ತಿರೋದು" ಅಂತ ಕೈಯಲ್ಲಿದ್ದ ಕಂಟ್ರೋಲರ್ ತೋರಿಸಿದೆ.

ಅಪ್ಪ ಅದನ್ನೊಮ್ಮೆ, ಟೀವಿಯನ್ನೊಮ್ಮೆ ನೋಡಿದರು.

"ಆ ಗೋಲ್‌ಕೀಪರ್?"

"ಅವನನ್ನೂ ನಾನೇ."

"ಅದಕ್ಕೇ ಮತ್ತೆ!" ಅಂದರು ಅಪ್ಪ. "ಹೇಳಿದ್ ಒಂದು ಮಾತಾದ್ರೂ ಕೇಳಿದ್ನಾ ಅವನು? ಚಿಕ್ಕವಳಿದ್ದಾಗಿಂದ ಹಿಂಗೇ ನೀನು."

ಹೊಟ್ಟೆ

ನಮ್ಮ ಮಗಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಮ್ಮ ಗೇಮಿನಲ್ಲಿ ಬೇಕಾದ ಮುಖ, ಮೈಕಟ್ಟು ಕೊಟ್ಟು ನಮ್ಮದೇ ಒಬ್ಬ ಆಟಗಾರನನ್ನು ಮಾಡಿಕೊಳ್ಳಬಹುದು. ಅದನ್ನು ನೋಡಿದವಳೇ ಕೇಳಿದಳು, "ಕ್ಯಾನ್ ವಿ ಮೇಕ್ ಅಪ್ಪಾ?"

ಇಬ್ಬರೂ ಕೂತು ಮಾಡಿದೆವು. ಮೂಗು ಸರಿಹೋಯಿತು. ಮೀಸೆ ಸರಿಹೋಯಿತು. ಹಣೆ ಮೇಲಿನ ಕೂದಲನ್ನು ಸಂಕಟದಿಂದಲೇ ಹಿಂದಕ್ಕೆ ಸರಿಸಿದೆ. ಥೇಟ್ ಅವರೇ! ಒಂದು ಗಳಿಗೆ ನನ್ನ ಬೆರಳು ಬಟನ್ ಮೇಲೇ ನಿಂತುಬಿಟ್ಟಿತು.

ಮಗಳು ಮಾತ್ರ ತಲೆ ಅಲ್ಲಾಡಿಸಿದಳು. "ದಟ್ಸ್ ನಾಟ್ ಅಪ್ಪಾ. ವೇರ್ ಈಸ್ ಹಿಸ್ ಟಮ್ಮಿ?"

ತೂಕವನ್ನು ಕೊನೇವರೆಗೂ ಏರಿಸಿದೆ. ತೋಳು ದಪ್ಪವಾಯಿತು, ತೊಡೆ ದಪ್ಪವಾಯಿತು. ಹೊಟ್ಟೆ ಮಾತ್ರ ಹಲಗೆ ಇದ್ದ ಹಾಗೇ ಇತ್ತು.

"ಫುಟ್‌ಬಾಲ್ ಆಡೋರಿಗೆ ಹೊಟ್ಟೆ ಇರಲ್ಲ ಪುಟ್ಟಾ."

"ದೆನ್ ವೇರ್ ಡೂ ಐ ಸ್ಲೀಪ್?"

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಅಪ್ಪನ ಹೊಟ್ಟೆ ಮೇಲೆ ತಲೆ ಇಟ್ಟು ಮಲಗಿ ಅಭ್ಯಾಸ ಅವಳಿಗೆ. ಮಾರನೇ ದಿನವೇ ರಿಪೋರ್ಟ್ ಹಾಕಿದೆ: "ಆಟಗಾರರಿಗೆ ಹೊಟ್ಟೆ ಕೊಡುವ ಅನುಕೂಲ ಇಲ್ಲ, ಸರಿಪಡಿಸಬೇಕು." ಬಾಸ್ ಓದಿ, "ಇದು ಗೇಮಿಗೆ ಅಷ್ಟು ಅಗತ್ಯವಾ?" ಅಂದ. "ಗೇಮಿಗೆ ಗೊತ್ತಿಲ್ಲ, ನಮ್ಮನೆಗೆ ಅಗತ್ಯ" ಅಂದೆ.

ಮುಂದಿನ ಲಾಂಗ್ ವೀಕೆಂಡಿಗೆ ಅವರು ಬಂದರು. ಏರ್‌ಪೋರ್ಟಿನಲ್ಲಿ ನೋಡಿದರೆ ಗುರುತೇ ಸಿಗದ ಹಾಗೆ ಇಳಿದುಹೋಗಿದ್ದಾರೆ. ನನಗೆ ಸರ್‌ಪ್ರೈಸ್ ಕೊಡಬೇಕು ಅಂತ ಯಾರಿಗೂ ಹೇಳದೆ ಜಿಮ್ಮಿಗೆ ಹೋಗುತ್ತಿದ್ದರಂತೆ. ಮಗಳು ಓಡಿಹೋಗಿ ತಬ್ಬಿಕೊಂಡಳು, ಆಮೇಲೆ ಅವರ ಹೊಟ್ಟೆಗೆ ಬೆರಳಲ್ಲಿ ಚುಚ್ಚಿ ನೋಡಿದಳು, ಕೊನೆಗೆ ನನ್ನ ಕಡೆ ತಿರುಗಿದಳು.

"ಅಮ್ಮಾ, ದೇ ಫಿಕ್ಸ್‌ಡ್ ದ ರಾಂಗ್ ಒನ್."

ವಾರ್ನಿಂಗ್

ದೂರ ಇರುವ ಗಂಡ ಹೆಂಡತಿಗೆ ಫೋನಿನಲ್ಲಿ ಮಾತಾಡಲು ವಿಷಯ ಬೇಗ ಮುಗಿಯುತ್ತದೆ. "ಊಟ ಆಯ್ತಾ?" "ಆಯ್ತು." "ಏನ್ ಮಾಡಿದ್ದೆ?" "ಸಾರು." ಆಮೇಲೆ ಇಬ್ಬರೂ ಸುಮ್ಮನೆ ಉಸಿರು ಕೇಳಿಸಿಕೊಂಡು ಕೂರುವುದು.

ಅದಕ್ಕೇ ನಾನು ಒಂದು ಉಪಾಯ ಮಾಡಿದೆ. ನಮ್ಮ ಕಂಪನಿಯ ಹೋದ ಸಲದ ಗೇಮ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಅವರೂ ತೆಗೆದುಕೊಂಡರು. ಭಾನುವಾರ ಮಧ್ಯಾಹ್ನ ಅವರು ಅಲ್ಲಿ, ನಾನು ಇಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಟೀಮಿನಲ್ಲಿ ಆನ್‌ಲೈನ್ ಆಟ. ಎದುರು ಟೀಮಿನವರು ಎಲ್ಲಿಯವರೋ ಏನೋ.

ಕಣ್ಣು ಆಟದ ಮೇಲೆ ಇದ್ದರೆ ಬಾಯಿಗೆ ಬಿಡುವು ಸಿಗುತ್ತದೆ. ಮಗಳ ಅಲ್ಲಾಡುವ ಹಲ್ಲು, ಹಿತ್ತಿಲ ಬೇಲಿ, ಅಲ್ಲಿಯ ಆಫೀಸಿನ ರಾಜಕೀಯ, ಎಲ್ಲ ಬಂತು. ಮಾತಿನ ಭರದಲ್ಲಿ ಅವರ ಆಟಗಾರ ನಡೆದುಕೊಂಡು ಬಂದು ಮೂಲೆಯ ಬಾವುಟದ ಹತ್ತಿರ ನನ್ನವನ ಪಕ್ಕ ನಿಂತ. ಇಬ್ಬರೂ ಅಲ್ಲೇ ನಿಂತೆವು. ಅತ್ತ ಗೋಲಿನ ಮೇಲೆ ಗೋಲು ಬೀಳುತ್ತಿತ್ತು.

ಆಮೇಲೆ ಟೀವಿ ಮೇಲೆ ಕೆಂಪಕ್ಷರದಲ್ಲಿ ವಾರ್ನಿಂಗ್ ಬಂತು: ನೀವಿಬ್ಬರು ಆಡದೆ ನಿಂತಿದ್ದೀರಿ ಅಂತ ದೂರು ಬಂದಿದೆ, ಹೀಗೇ ಆದರೆ ಹೊರಗೆ ಹಾಕುತ್ತೇವೆ.

ಹೆಡ್‌ಫೋನಿನಲ್ಲಿ ಅವರು ಖುಷಿಯಿಂದ ಹೇಳಿದರು, "ನಮ್ದು ಅರೇಂಜ್ಡ್ ಮ್ಯಾರೇಜ್ ಕಣೇ. ಇಬ್ರೂ ಒಟ್ಟಿಗೆ ನಿಂತು ಸಿಕ್ಕಿಹಾಕ್ಕೊಂಡಿದ್ದು ಇದೇ ಮೊದ್ಲು."

ಏಳನೇ ನಂಬರಿನವನು

ಸಿಡ್ನಿಯಲ್ಲಿ ಅವರಿರುವುದು ಕೆಲ್ಲಿವಿಲ್‌ನಲ್ಲಿ, ಉಡುಪಿ ಕಡೆಯ ಒಬ್ಬ ಆಂಟಿ ಮನೆಯ ಮಹಡಿ ರೂಮಿನಲ್ಲಿ, ಬಾಡಿಗೆಗೆ. ಹೆಡ್‌ಫೋನ್ ಹಾಕಿಕೊಂಡರೆ ಅವರು ಕೂಗಿ ಮಾತಾಡುತ್ತಾರೆ. ನಾನು ಹೇಳಿದ್ದು ಅವರ ಕಿವಿಗಷ್ಟೇ, ಅವರು ಹೇಳಿದ್ದು ಇಡೀ ಮನೆಗೆ.

ಒಂದು ಭಾನುವಾರ ಬಾಲ್ ನನ್ನ ಹತ್ತಿರವಿತ್ತು. ಒಬ್ಬಳೇ ಮುನ್ನುಗ್ಗಿದೆ. ಎದುರಿನ ಟೀಮಿನ ಏಳನೇ ನಂಬರಿನವನು ಬಾಲ್ ಕಿತ್ತುಕೊಂಡ, ನಾನು ಅವನ ಹಿಂದೆ ಓಡಿದೆ. ಇವರು ಅಲ್ಲಿಂದ ಕೂಗುತ್ತಿದ್ದರು:

"ಬಾರೇ ಇತ್ಲಾಗೆ! ಒಬ್ಬಳೇ ಎಲ್ಲಿಗೆ ಹೋಗ್ತೀಯಾ? ನಾನಿಲ್ಲಿ ಒಬ್ಬನೇ ನಿಂತಿರೋದು ಕಾಣ್ತಿಲ್ವಾ? ಅಯ್ಯೋ, ಅವನ ಹಿಂದೆ ಯಾಕೆ ಹೋಗ್ತಿದೀಯಾ, ಬಿಡೇ ಅವನನ್ನ! ಎಷ್ಟು ಹೊತ್ತು ಅಂತ ಕಾಯ್ಲಿ ನಾನು?"

ಅಷ್ಟರಲ್ಲಿ ನಮ್ಮ ಮನೆಯ ನೆಟ್ ಹೋಯಿತು. ಟೀವಿ ಖಾಲಿ. ವೈಫೈ ಡಬ್ಬಿ ಆಫ್ ಮಾಡಿ ಆನ್ ಮಾಡುತ್ತಿದ್ದಾಗ ಫೋನ್ ಬಂತು. ಕೆಲ್ಲಿವಿಲ್ ಆಂಟಿ. ದನಿ ತಗ್ಗಿಸಿ ಮಾತಾಡಿದರು.

"ನಾನು ಕೇಳಬಾರದು ಮಾರಾಯ್ತಿ, ಆದರೂ ಕೇಳ್ತೇನೆ. ಅವ ಯಾರು?"

"ಯಾರು ಆಂಟಿ?"

"ನೀನು ಹಿಂದೆ ಹೋದವ."

"ಓ, ಅವನಾ? ಏಳನೇ ನಂಬರಿನವನು ಆಂಟಿ."

"ದೇವರೇ! ಏಳು ಜನವಾ?"

ಕುತ್ತಿಗೆಗೆ ಬಂದಿದ್ದನ್ನು ತಪ್ಪಿಸಿಕೊಳ್ಳಲು ಮೊದಲಿಂದ ಎಲ್ಲ ಬಿಡಿಸಿ ಹೇಳಿದೆ. ಗೇಮು, ಪಾಸು, ಹೆಡ್‌ಫೋನು. ಆಂಟಿ ಕೇಳಿಸಿಕೊಂಡರು.

"ಆಯ್ತು, ಗೇಮ್ ಅಂತಲೇ ಇಟ್ಟುಕೊಳ್ಳುವ. ಈಗ ಗೇಮ್ ನಡೀತಾ ಉಂಟಾ?"

"ಇಲ್ಲ ಆಂಟಿ, ನೆಟ್ ಹೋಗಿ ಆಗ್ಲೇ ನಿಂತುಹೋಯ್ತು."

"ಹಾಗಾದರೆ ಅವರು ಈಗಲೂ ಕರೀತಾ ಇದ್ದಾರಲ್ಲ, ಅದು ಎಂತದು?"

ಆಂಟಿ ಫೋನನ್ನು ಮಹಡಿ ಮೆಟ್ಟಿಲ ಕಡೆ ಹಿಡಿದರು ಅಂತ ಕಾಣುತ್ತದೆ. ದೂರದಿಂದ ಅವರ ದನಿ ಕೇಳಿತು. "ಇದೀಯೇನೇ? ಹಲೋ... ಕೇಳಿಸ್ತಿದೆಯಾ? ಇದೀಯಾ?" ಈಗ ಕೂಗುತ್ತಿರಲಿಲ್ಲ. ಮೆತ್ತಗೆ, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುವ ಹಾಗೆ ಕೇಳುತ್ತಿದ್ದರು.

ಮುಂದಿನ ಶುಕ್ರವಾರ ರಜ ಹಾಕಿ, ಮಗಳನ್ನು ಕರೆದುಕೊಂಡು ಸಿಡ್ನಿ ವಿಮಾನ ಹತ್ತಿದೆ.

ಆಂಟಿ ನೀರ್‌ದೋಸೆ ಮಾಡಿ ಹಾಕಿದರು. ಆದರೆ ಅವರ ಕಣ್ಣಿನ ಅನುಮಾನ ಪೂರ್ತಿ ಹೋಗಿರಲಿಲ್ಲ. ಸರಿ, ಹಾಲಿನ ಟೀವಿಗೆ ಗೇಮ್ ಹಾಕಿಯೇ ತೋರಿಸಿದೆವು. ಆಂಟಿ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಕೂತರು.

"ಚಿತ್ರ ಚಂದ ಉಂಟು. ಬೆವರು ಸಹ ಕಾಣ್ತದೆ. ಆ ಏಳನೆಯವ ಯಾರು?"

ತೋರಿಸಿದೆ. ಅವನ ಎತ್ತರ, ಹಾರುವ ಕೂದಲು ಎಲ್ಲವನ್ನೂ ಪರೀಕ್ಷೆ ಮಾಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು. "ನಿನ್ನ ತಪ್ಪಿಲ್ಲ ಬಿಡು."

ಒಂದು ಸಲ ಹಿಡಿದು ನೋಡ್ತೇನೆ ಅಂತ ಕಂಟ್ರೋಲರ್ ಇಸಿದುಕೊಂಡರು. ಊಟದ ತನಕ ವಾಪಸ್ ಕೊಡಲಿಲ್ಲ. ಅದೂ ಒಳ್ಳೆಯದೇ ಆಯಿತು. ನಾವು ಮೂವರೂ ಹಿಂದಿನ ಸೋಫಾದಲ್ಲಿ ಒತ್ತಿಕೊಂಡು ಕೂತೆವು. ಮಗಳು ಅಪ್ಪನ ಮೇಲೆ ನಿದ್ದೆಹೋದಳು.

ಭಾನುವಾರ ನಾವು ಹೊರಟೆವು. ಏರ್‌ಪೋರ್ಟಿನಲ್ಲಿ ಅವರು ಮಗಳ ಶೂ ಲೇಸನ್ನು ಬಿಚ್ಚಿ ಕಟ್ಟಿದರು, ಬಿಚ್ಚಿ ಕಟ್ಟಿದರು. ಕೊನೆಗೆ ನಾನೇ, "ಬಿಡ್ರೀ, ಗಟ್ಟಿಯಾಗಿದೆ" ಅಂದೆ.

ಅದಾದ ಮುಂದಿನ ಭಾನುವಾರ ಮಧ್ಯಾಹ್ನದ ಅಡಿಗೆಯನ್ನು ಬೇಗ ಮುಗಿಸಿ, ಟೀವಿ ಮುಂದೆ ಕುರ್ಚಿ ಎಳೆದುಕೊಂಡು, ಹೆಡ್‌ಫೋನ್ ಹಾಕಿಕೊಂಡೆ. ಆಟ ಶುರುವಾಯಿತು. ಅವರ ಆಟಗಾರ ಬಂದು ನಿಂತ.

"ರೀ," ಅಂದೆ, ಸಣ್ಣ ದನಿಯಲ್ಲಿ. "ನೀವು ಹೋದ ವಾರ ಹಾಕಿದ್ದ ಶರ್ಟು ಇಲ್ಲೇ ನನ್ನ ಬ್ಯಾಗಲ್ಲಿ ಬಂದ್ಬಿಟ್ಟಿದೆ. ಒಗೆಯೋಕೆ ಮನಸ್ಸಾಗ್ತಿಲ್ಲ ಕಣ್ರೀ."

"ಒಗೆಯಬೇಡ, ಇಟ್ಟುಕೋ" ಅಂತು ಹೆಡ್‌ಫೋನಿನಲ್ಲಿ ಆಂಟಿಯ ದನಿ.

ನನಗೆ ಕುರ್ಚಿಯಿಂದ ಬೀಳುವುದೊಂದು ಬಾಕಿ. "ಆಂಟೀ! ಅವರೆಲ್ಲಿ?"

"ಪಾತ್ರೆ ತೊಳೀತಾ ಇದ್ದಾರೆ."

ಹಿಂದೆ ನಲ್ಲಿ ನೀರಿನ ಸದ್ದು, ಸ್ಟೀಲ್ ತಟ್ಟೆಗಳ ಸದ್ದು ಕೇಳುತ್ತಿತ್ತು. ಅದರ ಮಧ್ಯೆ ಅವರು ಕೂಗಿದರು, "ಆಂಟಿ, ಅದು ನನ್ನ ಹೆಂಡ್ತಿ! ಒಂದ್ ನಿಮಿಷ ಕೊಡಿ ಇಲ್ಲಿ!"

"ಹಾಫ್ ಟೈಮಿಗೆ ಕೊಡ್ತೇನೆ" ಅಂದರು ಆಂಟಿ. "ನೀವು ಮೊದಲು ಆ ಕುಕ್ಕರ್ ತೊಳೀರಿ."