ಮಾವನ ಕೋವಿ, ಜಡ್ಜರ ಖಾಲಿ ಕುರ್ಚಿ

ಭಾನುವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ನನ್ನ ಸೋದರಮಾವ ಮಂಗನಿಗೆ ಗುರಿಯಿಟ್ಟು ಗುಂಡು ಹೊಡೆದರು. ಮಂಗ ಕ್ಷೇಮ! ನಮ್ಮ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಕಿವಿಯ ಪಕ್ಕದಲ್ಲೇ ಹಾದ ಸೀಸದ ಚರೆಗಳು ಕಂಬಕ್ಕೆ ಕಚ್ಚಿಕೊಂಡವು. ಬಿದ್ದವಳು ಎದ್ದೆ, ಆದರೆ ಆ ಸದ್ದು ಪ್ರತಿ ರಾತ್ರಿ ತಲೆಯೊಳಗೆ ಸಿಡಿಯತೊಡಗಿತು. ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡಿದರು. ಕೋವಿ ಠಾಣೆಗೆ ಹೋಯಿತು, ಮಾವ ಆರೋಪಿಯಾದರು, ನಾನು ಸಾಕ್ಷಿಯಾದೆ.

ಕೋರ್ಟಿಗೆ ಹೋಗಲು ಇರುವುದು ಒಂದೇ ಬಸ್ಸು. ಮಾವ ಮೊದಲೇ ಹತ್ತಿ ಕೂಗುತ್ತಿದ್ದರು: "ಬಾ ಕೂಸೇ, ನಿಂಗೆ ಸೀಟು ಹಿಡದಿದ್ದಿ!"

"ಎಲ್ಲಿಗೆ ಹೊರಟ್ರಿ?" ಎಂದು ಕೇಳಿದ ಕಂಡಕ್ಟರಿಗೆ ಹೆಮ್ಮೆಯ ಉತ್ತರ: "ಇವಳು ನನ್ನ ವಿರುದ್ಧ ಸಾಕ್ಷಿ ಹೇಳ್ಬೇಕಲ್ಲ, ಕರ್ಕೊಂಡು ಹೋಗ್ತಿದೀನಿ!"

ಕೋರ್ಟಿನ ಕ್ಯಾಂಟೀನಿನಲ್ಲಿ ಮಾವನ ವಕೀಲರು ತಲೆ ಚಚ್ಚಿಕೊಂಡರು. "ಸಾಕ್ಷಿ ಜೊತೆ ಕೂತು ದೋಸೆ ತಿಂತೀರಲ್ಲ, ನಿಮ್ಮ ಕೇಸು ಏನಾಗ್ಬೇಕು ಮಾರಾಯ್ರೆ?"

"ಏನಾದ್ರೂ ಆಗ್ಲಿ ಅಂತ್ಲೇ ಬರ್ತಿದೀವಿ. ಏನೂ ಆಗ್ತಾ ಇಲ್ವಲ್ಲ!"

ಆಗುವುದಾದರೂ ಹೇಗೆ? ಜಡ್ಜರ ಕುರ್ಚಿ ಖಾಲಿ. ಪಕ್ಕದ ತಾಲ್ಲೂಕಿನಿಂದ ಆಗಾಗ ಬರುವ ಪ್ರಭಾರಿ ಜಡ್ಜರಿಗೆ ಅವರದ್ದೇ ಕಡತಗಳ ಗುಡ್ಡ. ಸಾಗರ, ಹೊಸನಗರ, ತೀರ್ಥಹಳ್ಳಿ, ಯಾವ ಕಡೆಯ ನೆಂಟರನ್ನು ಕೇಳಿದರೂ "ಮುಂದಿನ ತಾರೀಖು" ಎಂದೇ ನಿಟ್ಟುಸಿರು. ಮದುವೆಮನೆಯಲ್ಲಿ ಪಂಕ್ತಿ ಹೆಚ್ಚಾದರೆ ಬಡಿಸಲು ಇನ್ನಿಬ್ಬರನ್ನು ಕರೆಯುತ್ತೇವೆ. ಕೇಸು ಹೆಚ್ಚಾದರೆ ಜಡ್ಜರೂ ಹೆಚ್ಚಬೇಕೆಂದು ತಿಳಿಯಲು ಯಾವ ಡಿಗ್ರಿ ಬೇಕು? ನಾನು ಹೇಳಬೇಕಾದದ್ದು ನಾಲ್ಕೇ ಮಾತು. ಅಷ್ಟನ್ನು ಒಮ್ಮೆ ಹೇಳಿ ಭಾರ ಇಳಿಸಿಬಿಡೋಣವೆಂದರೆ ಕೇಳುವವರೇ ಇಲ್ಲ! ಪ್ರತಿ ತಾರೀಖಿಗೂ ನಾನು ಮತ್ತೆ ಆ ಅಂಗಳದಲ್ಲಿ ಬೀಳಬೇಕು.

ಒಂದು ದಿನ ಕೋರ್ಟಿನಲ್ಲಿ ಮಾವ ಎದ್ದು ನಿಂತೇಬಿಟ್ಟರು. "ತಪ್ಪು ನಂದೇ. ಒಪ್ಕೊಳ್ತೀನಿ!"

ಗುಮಾಸ್ತರು ತಲೆಯೆತ್ತಲಿಲ್ಲ. "ಒಪ್ಕೊಂಡಿದ್ದನ್ನ ಕೇಳ್ಲಿಕ್ಕೆ ಜಡ್ಜ್ ಬೇಕಲ್ಲ ಸ್ವಾಮಿ. ಕೂತ್ಕೊಳ್ಳಿ."

ತಪ್ಪೊಪ್ಪಿಕೊಳ್ಳುವುದಕ್ಕೂ ಸರದಿ!

ಅಂತೂ ಕೋರ್ಟಿಗೆ ಹೆಚ್ಚುವರಿ ಜಡ್ಜರು ಬಂದರು. ನಾನು ನನ್ನ ನಾಲ್ಕು ಮಾತು ಹೇಳಿದೆ. ಜಡ್ಜರು ಕೊನೆಯವರೆಗೂ ಕೇಳಿ, ಮಾವನ ಕಡೆ ತಿರುಗಿ, "ನೀವೇನಾದರೂ ಹೇಳುವುದಿದೆಯೇ?" ಎಂದರು. ಬಸ್ಸು ತುಂಬ ಮಾತಾಡುವ ಮನುಷ್ಯ ಕೈಮುಗಿದು ಮೆಲ್ಲಗೆ ಹೇಳಿದರು:

"ಶಿಕ್ಷೆ ಕೊಡಿ ಸ್ವಾಮಿ. ಕೋವಿ ವಾಪಸ್ ಬೇಡ. ಕಣ್ಣು ಮುಚ್ಚಿದ್ರೆ ಈ ಹುಡುಗಿ ಬಿದ್ದಿದ್ದೇ ಕಾಣತ್ತೆ."

ಇಷ್ಟು ದಿನ ಅದು ನನಗೊಬ್ಬಳಿಗೇ ಎಂದುಕೊಂಡಿದ್ದೆ. ಜಡ್ಜರು ದಂಡ ಹಾಕಿ ಕೇಸು ಮುಗಿಸಿದರು.

ಮರುದಿನ ಅತ್ತೆಯ ಫೋನು. ದನಿಯಲ್ಲಿ ಗಾಬರಿ: "ಗಂಟೆ ಒಂಬತ್ತಾತು ಕೂಸೇ, ನಿನ್ನ ಮಾವ ಇನ್ನೂ ಎದ್ದಿದ್ನಿಲ್ಲೆ! ಎಬ್ಸವಾ, ಎಂತ ಮಾಡವು?"

"ಎಬ್ಸಡ ಅತ್ತೆ, ಮಲಗ್ಲಿ," ಎಂದೆ. ನನ್ನನ್ನೂ ಆಗಷ್ಟೇ ಎಬ್ಬಿಸಿದ್ದು ಅವರ ಫೋನೇ.