ಎರಡನೇ ಪುಟದ 'ಜೊತೆ ಕಾಯಿಲೆಗಳು' ಕಾಲಂಗೆ ಒಂದು ಬಿನ್ನಹ

ಡಿಸ್ಚಾರ್ಜ್ ಕಾಗದದ ಎರಡನೇ ಪುಟದಲ್ಲಿ ವಾಸವಾಗಿರುವ ಶ್ರೀಯುತ 'ಜೊತೆ ಕಾಯಿಲೆಗಳು' ಕಾಲಂ ಅವರಿಗೆ,

ಮಾನ್ಯರೇ,

ಬಲ್ಗೇರಿಯಾದ ರೈಲುಗಳಲ್ಲಿ ಮೂವತ್ತಾರು ವರ್ಷ ಟಿಕೆಟ್ ತಪಾಸಣೆ ಮಾಡಿ, ಈಗ ನಮ್ಮ ಜಂಕ್ಷನ್ ಪಟ್ಟಣದ ರೈಲ್ವೆ ಕಟ್ಟಡದ ಮೂರನೇ ಮಹಡಿಯಲ್ಲಿ ನಿವೃತ್ತನಾಗಿರುವ ಮೆಟೋದಿ ರಾಶ್ಕೋವ್ ಎಂಬ ನಾನು, ತಮ್ಮ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಲೆಬಾಗಿ ವಂದಿಸಿ, ತಾವು ಕುಶಲವೆಂದೂ ದಿನದಿನಕ್ಕೆ ಉದ್ದವಾಗುತ್ತಿದ್ದೀರೆಂದೂ ನಂಬಿ, ಈ ದೂರನ್ನು ಸಲ್ಲಿಸುತ್ತಿದ್ದೇನೆ. ದೂರು ತಮ್ಮ ಮೇಲೆ. ಓದುತ್ತಾ ಹೋದಂತೆ ಅದು ಬೇರೆಯವರ ಮೇಲೆ ತಿರುಗಿದರೆ ದಯವಿಟ್ಟು ಅನ್ಯಥಾ ಭಾವಿಸಬಾರದು.

ನಮ್ಮ ಕಡೆ ಶರತ್ಕಾಲದಲ್ಲಿ ಮೆಣಸಿನಕಾಯಿ ಸುಟ್ಟು, ಜಾಡಿಗಳಿಗೆ ತುಂಬಿ ಮುಚ್ಚಳ ಬಿಗಿದ ಮೇಲೆ, ವಯಸ್ಸಾದವರು ನಾಲ್ಕೈದು ದಿನ ಆಸ್ಪತ್ರೆಯಲ್ಲಿ ಮಲಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡು ಬರುವುದು ತಮಗೆ ತಿಳಿದೇ ಇದೆ. ಈ ಸಲ ನಾನು ರಕ್ತದೊತ್ತಡಕ್ಕೆಂದೂ ನನ್ನ ಹೆಂಡತಿ ಡೋಚ್ಕಾ ಮಂಡಿನೋವಿಗೆಂದೂ ಒಂದೇ ವಾರ ಮಲಗಿದೆವು. ಹೊರಡುವ ದಿನ ಡೋಚ್ಕಾ ಚೀಲ ತುಂಬುತ್ತಿದ್ದಳು, ವಾರ್ಡಿನ ವೈದ್ಯರು ಇಬ್ಬರ ಕಾಗದವನ್ನೂ ನನ್ನ ಕೈಗಿತ್ತು "ಎಲ್ಲಾ ಇದರಲ್ಲಿ ಬರ್ದಿದೆ, ಓದ್ಕೊಳ್ಳಿ" ಎಂದರು. ಮನೆಗೆ ಬಂದವನೇ ಶಿಸ್ತಿನ ಮನುಷ್ಯನಾದ ನಾನು ಪಿನ್ನು ಕಿತ್ತು, ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಲು ಹೋಗಿ, ಅಡುಗೆಮನೆಯ ನೆಲದ ಮೇಲೆ ನಾಲ್ಕನ್ನೂ ಚೆಲ್ಲಿದೆ. ಮೊದಲ ಪುಟಗಳಲ್ಲಿ ಹೆಸರಿತ್ತು. ತಾವಿರುವ ಎರಡನೇ ಪುಟಗಳಲ್ಲಿ ಇರಲಿಲ್ಲ. ಒಂದರಲ್ಲಿ ತಾವು ಹನ್ನೊಂದು ಸಾಲು ವಿಜೃಂಭಿಸಿದ್ದಿರಿ, ಇನ್ನೊಂದರಲ್ಲಿ 'ಇಲ್ಲ' ಎಂಬ ಒಂದೇ ಪದ.

ಹೆಸರಿಲ್ಲದ ಟಿಕೆಟ್ ಕಂಡರೆ ಇಡೀ ಬೋಗಿಯನ್ನೇ ನಿಲ್ಲಿಸಿ ವಿಚಾರಿಸುತ್ತಿದ್ದ ನಾನು, ಆವತ್ತು ಯಾರನ್ನೂ ವಿಚಾರಿಸಲಿಲ್ಲ. ನಮ್ಮ ಮನೆಯಲ್ಲಿ ಬೆಳಗಾದರೆ ನರಳುವವನು ನಾನು, ಡೋಚ್ಕಾ ನರಳಿದ್ದನ್ನು ಯಾರೂ ಕೇಳಿಲ್ಲ, ಆದ್ದರಿಂದ ಹನ್ನೊಂದು ಸಾಲು ನನ್ನದು, 'ಇಲ್ಲ' ಅವಳದು. ಈ ತೀರ್ಮಾನಕ್ಕೆ ಬರಲು ನನಗೆ ಬೇಕಾದದ್ದು ಬಗ್ಗಿ ಹಾಳೆ ಎತ್ತಿಕೊಳ್ಳುವಷ್ಟು ಹೊತ್ತು ಮಾತ್ರ.

ತಮ್ಮ ಭಾಷೆಯ ಗಾಂಭೀರ್ಯವನ್ನು ಎಷ್ಟು ಹೊಗಳಿದರೂ ಸಾಲದು. 'ಇಡಿಯೋಪಥಿಕ್ ನರನೋವು' ಎಂದಿತ್ತು. ಇಡಿಯೋಪಥಿಕ್ ಎಂದರೆ 'ಕಾರಣ ನಮಗೂ ಗೊತ್ತಿಲ್ಲ' ಎಂದು ಆಮೇಲೆ ತಿಳಿಯಿತು. ಇಷ್ಟು ಘನತೆಯಿಂದ ಗೊತ್ತಿಲ್ಲ ಎನ್ನಬಹುದೆಂದು ತಿಳಿದಿದ್ದರೆ ನನ್ನ ರೈಲಿನ ಟಿಕೆಟ್‌ರಹಿತ ಪ್ರಯಾಣಿಕರೆಲ್ಲ ತಾವು ಇಡಿಯೋಪಥಿಕ್ ಪ್ರಯಾಣಿಕರೆಂದು ಹೇಳಿ ಪಾರಾಗುತ್ತಿದ್ದರು. ಕಟ್ಟಡದ ಮುಂದಿನ ಬೆಂಚಿನ ಮೇಲೆ, ಪಗಡೆಯ ಹಲಗೆ ಪಕ್ಕಕ್ಕೆ ಸರಿಸಿ ಎಲ್ಲರೂ ತಮ್ಮ ತಮ್ಮ ಆಸ್ಪತ್ರೆ ಕಾಗದದ ಕವರು ಬಿಚ್ಚುವ ವೇಳೆಗೆ ಸರಿಯಾಗಿ ಇಳಿದು ಹೋಗಿ, ನಾನು ತಮ್ಮನ್ನು ಗಟ್ಟಿಯಾಗಿ ಓದುತ್ತಿದ್ದೆ. ನಾಲ್ಕನೇ ಸಾಲು 'ಸ್ಟೇಟಸ್ ಪೋಸ್ಟ್ ಹಿಸ್ಟರೆಕ್ಟೊಮಿಯಮ್' ಬಂದಾಗ ಬೆಂಚಿನವರೆಲ್ಲ ಟೋಪಿ ತೆಗೆದರು. ಸಿಗ್ನಲ್ ವಿಭಾಗದಲ್ಲಿದ್ದ ಇಗ್ನಾತಣ್ಣ ಬಹಳ ಹೊತ್ತು ಗಡ್ಡ ಕೆರೆದುಕೊಂಡು, "ನಂಗೂ ಅದು ಇದೆ ಕಣೋ ಮೆಟೋದಿ, ಆದ್ರೆ ನಿನ್ನಷ್ಟು ಜೋರಾಗಿಲ್ಲ" ಎಂದ.

ಇನ್ನು ತಮ್ಮ ಮೊದಲ ಸಾಲು: 'ದ್ವಿತೀಯಕ ರಕ್ತಹೀನತೆ, ಕಾರಣ ಪತ್ತೆಯಾಗಬೇಕು, ತಿಂಗಳೊಳಗೆ ಪರೀಕ್ಷೆ.' ದ್ವಿತೀಯಕ ಎಂಬುದನ್ನು ನಾನು ರೈಲಿನ ಎರಡನೇ ದರ್ಜೆಯಂತೆ, ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಅವಸರವಿಲ್ಲದ್ದು ಎಂದು ಅರ್ಥ ಮಾಡಿಕೊಂಡೆ. ಆದರೂ ರಕ್ತ ಬೇಕಲ್ಲ? ಡೋಚ್ಕಾ ದಿನ ಬಿಟ್ಟು ದಿನ ನನಗೆ ಕುರಿಯ ಪಿತ್ತಜನಕಾಂಗ ಹುರಿದು ಬೀಟ್ರೂಟ್ ಬೇಯಿಸಿ ಕೊಟ್ಟಳು, ತಾನು ಬ್ರೆಡ್ಡು ಮೊಸರು ತಿಂದಳು. ನನ್ನ ಕೆನ್ನೆ ಕೆಂಪಾಯಿತು. ಅವಳ ತುಟಿ ಬಿಳುಚಿತು. ಮಾರುಕಟ್ಟೆಯಿಂದ ಬರುವಾಗ ಮೆಟ್ಟಿಲ ಮೇಲೆ ಕೂರತೊಡಗಿದಳು, ಒಂದು ಸಲ ಕೇಳಿದ್ದಕ್ಕೆ "ಯಾಕೋ ಕಾಲೇ ಏಳ್ತಿಲ್ಲ" ಎಂದಳು. ನಾನು ಏನೆಂದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ದೂರು ಪೂರ್ಣವಾಗಿರಬೇಕಾದ್ದರಿಂದ ಬರೆಯುತ್ತೇನೆ: "ನಿಂಗೇನೂ ಇಲ್ಲ ಅಂತ ಕಾಗದದಲ್ಲೇ ಬರ್ದಿದೆಯಲ್ಲ ಡೋಚ್ಕಾ, ಸುಮ್ನೆ ಸೋಮಾರಿತನ ಮಾಡ್ಬೇಡ." ಒಂದು ಸಲವಲ್ಲ, ಆರು ವಾರ ಹೀಗೆಂದೆ.

ಏಳನೇ ವಾರ ತಮ್ಮನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಬಡಾವಣೆಯ ವೈದ್ಯೆ ತೊಪಾಲೊವಾ ಅವರ ಮುಂದೆ ಹೆಮ್ಮೆಯಿಂದ ಕುಳಿತೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ಮೆಟೋದಿ ಅವರೇ, ನಿಮ್ಮ ಗರ್ಭಕೋಶ ಯಾವಾಗ ತೆಗೆಸಿದ್ರಿ?"

ಮಾನ್ಯರೇ, ಆ ಕ್ಷಣದಲ್ಲೂ ನನಗೆ ಮೊದಲು ಹೊಳೆದದ್ದು ಬೆಂಚಿನ ಮೇಲೆ ನನ್ನ ಮಾನ ಏನಾಗುತ್ತದೆ ಎಂಬುದೇ. ಎರಡನೆಯದಾಗಿ ಹೊಳೆದದ್ದು, ಇಪ್ಪತ್ತೆಂಟು ವರ್ಷಗಳ ಹಿಂದೆ ಡೋಚ್ಕಾ 'ಹೆಂಗಸರ ಆಪರೇಷನ್' ಎಂದು ಆಸ್ಪತ್ರೆಗೆ ಹೋಗಿ ಬಂದಿದ್ದಳು, ನಾನು ವರ್ನಾ ನಗರಕ್ಕೆ ಹೋಗುವ ರೈಲಿನಲ್ಲಿ ಡ್ಯೂಟಿಯಲ್ಲಿದ್ದೆ, ಅದರ ಹೆಸರೇನೆಂದು ಕೇಳಿಯೂ ಇರಲಿಲ್ಲ ಎಂಬುದು. ವೈದ್ಯೆಗೆ ನನ್ನ ನೆನಪುಗಳಿಗೆ ಪುರಸೊತ್ತಿರಲಿಲ್ಲ. "ಇದು ನಿಮ್ಮ ಹೆಂಡತಿಯ ಹಾಳೆ. ದ್ವಿತೀಯಕ ಅಂದ್ರೆ ಚಿಕ್ಕದು ಅಂತಲ್ಲ. ಬೇರೆ ಯಾವುದೋ ಕಾಯಿಲೆಯಿಂದ ಹುಟ್ಟಿದ್ದು ಅಂತ. ಒಳಗೆ ಎಲ್ಲೋ ರಕ್ತ ಸೋರ್ತಿದೆ. ಎಲ್ಲಿದ್ದಾರೆ ಅವರು? ಓಡಿ!" ಎಂದರು.

ಓಡಿದೆ. ಹುರಿದ ಪಿತ್ತಜನಕಾಂಗದ ಬಲದಿಂದ ಚೆನ್ನಾಗಿಯೇ ಓಡಿದೆ. ಡೋಚ್ಕಾ ಮೊದಲ ಮತ್ತು ಎರಡನೇ ಮಹಡಿಯ ನಡುವಿನ ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು, ಪಕ್ಕದಲ್ಲಿ ಈರುಳ್ಳಿಯ ಚೀಲ. ನನ್ನನ್ನು ನೋಡಿದ್ದೇ, ಬೈಗುಳ ಬೀಳುವ ಮೊದಲೇ ಕೈಯೂರಿ ಏಳಲು ಹೊರಟಳು. ಅದನ್ನು ನೋಡಿ ನಾನು ಅಲ್ಲೇ ಅತ್ತೆ.

ಮಂಡಿನೋವಿಗೆ ನುಂಗಿದ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿತ್ತಂತೆ. ಮೂರು ಚೀಲ ರಕ್ತ ಕೊಟ್ಟರು, ಹುಣ್ಣಿಗೆ ಮದ್ದು ನಡೆದಿದೆ, 'ಇನ್ನೊಂದು ವಾರ ತಡವಾಗಿದ್ದರೆ' ಎಂದು ಶುರು ಮಾಡಿದ ವೈದ್ಯರು ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟರು. ಬದುಕಿದ್ದಾಳೆ. ಬರುವ ಗುರುವಾರ ಮನೆಗೆ ಬರುತ್ತಾಳೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಸರಳವಾಗಿವೆ. ತಾವು ಪ್ರತಿ ಸಾಲಿನಲ್ಲೂ ರೋಗಿಯ ಹೆಸರನ್ನು ಧರಿಸತಕ್ಕದ್ದು. ನರಳುವ ಗಂಡಸರ ಕೈಗೆ ಸಿಕ್ಕೊಡನೆ ತಮ್ಮ ಅಕ್ಷರಗಳು ತಾವಾಗಿಯೇ ಅಳಿಸಿಹೋಗತಕ್ಕದ್ದು. 'ಇಲ್ಲ' ಎಂದು ಬರೆಯುವ ಮುನ್ನ ತಾವು ಖುದ್ದಾಗಿ ನಮ್ಮ ಮೆಟ್ಟಿಲಿಗೆ ಬಂದು ಅಲ್ಲಿ ಯಾರು ಕುಳಿತಿದ್ದಾರೆಂದು ನೋಡತಕ್ಕದ್ದು. ಮೂರನೆಯದನ್ನು ಮನೆಯಲ್ಲೇ ಇದ್ದವನು ಮಾಡಬಹುದಿತ್ತು ಎಂದು ತಾವು ಉತ್ತರಿಸಿದರೆ ಆ ಬೇಡಿಕೆಯನ್ನು ನನ್ನ ಹೆಸರಿಗೇ ಬರೆದುಕೊಳ್ಳುತ್ತೇನೆ.

ನಿನ್ನೆ ಅವಳ ಹಾಸಿಗೆಯ ಪಕ್ಕ ಕುಳಿತು ಹನ್ನೊಂದು ಸಾಲನ್ನೂ, ವೈದ್ಯೆ ಹೇಳಿಕೊಟ್ಟ ಅರ್ಥದೊಡನೆ ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಇಷ್ಟೊಂದು ತನಗೇನಾ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಬೈಯುತ್ತಾಳೆಂದು ಕಾದೆ.

"ಹಂಗಾದ್ರೆ ನಾನು ಸೋಮಾರಿ ಆಗಿರ್ಲಿಲ್ಲ, ಅಲ್ವಾ?" ಎಂದಳು.

ತಪ್ಪೊಪ್ಪಿಗೆಯೊಡನೆ,
ತಮ್ಮ ವಿಶ್ವಾಸಿ,
ಮೆಟೋದಿ ರಾಶ್ಕೋವ್

ತಾ.ಕ.: ಸಹಿಯ ಕೆಳಗೆ ಮೊದಲು 'ರೋಗಿ' ಎಂದೂ ಸೇರಿಸಿದ್ದೆ. ಪತ್ರ ಓದಿದ ಡೋಚ್ಕಾ ಪೆನ್ನು ಕೇಳಿ ಪಡೆದು ಅದೊಂದು ಪದವನ್ನು ಹೊಡೆದುಹಾಕಿದಳು. "ಇದನ್ನಾದ್ರೂ ನಂಗೆ ಬಿಡು, ಮೆಟೋದಿ" ಎಂದಳು.